ಹುರುಳಿ ಹಾಸಿದ ರಸ್ತೆ ಮತ್ತು ‘ಮಿಸ್’ ಎಂಬ ಮಾತು

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಗೆ ಅಂಟಿಕೊಂಡಿರುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಊರಿಗೆಲ್ಲ ನಾನು ‘ಮಿಸ್’. ಮದುವೆಯಾಗಿ, ಮಗಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೂ ಮಿಸ್. ಮಕ್ಕಳು ಕರೆದದ್ದನ್ನು ಕೇಳಿ ತಾಯಂದಿರು ಕರೆದರು, ಅವರನ್ನು ಕೇಳಿ ಅಜ್ಜಂದಿರು ‘ಮಿಸ್ಸೋರೆ’ ಎಂದು ಮರ್ಯಾದೆ ಸೇರಿಸಿದರು. ನನಗೆ ಅದು ಹೆಸರಿನ ಹಾಗೆಯೇ ಆಗಿಬಿಟ್ಟಿದೆ.

ಇದೇ ಮಾತು ಈ ಊರಿನಲ್ಲಿ ಇನ್ನೂ ಹತ್ತು ಕೆಲಸ ಮಾಡುತ್ತದೆ. ಬಸ್ಸು ಮಿಸ್ ಆಗುತ್ತದೆ. ಮನೆಯವರಿಗೆ ಮಿಸ್ ಕಾಲ್ ಕೊಡುತ್ತಾರೆ. ಲಗ್ನಪತ್ರಿಕೆ ಕೈಗಿಟ್ಟು ‘ಮಿಸ್ ಮಾಡ್ದಂಗೆ ಬರ್ಬೇಕು’ ಎನ್ನುತ್ತಾರೆ. ಹೊಗೆಸೊಪ್ಪಿನ ಸಾಲಿನಲ್ಲಿ ಸಸಿ ಸತ್ತುಹೋದ ಜಾಗಕ್ಕೆ ‘ಅಲ್ಲಿ ಮೂರು ಮಿಸ್ ಆಗವೆ ನೋಡು’ ಎಂದು ತೋರಿಸಿ ಹೊಸ ಸಸಿ ಊರುತ್ತಾರೆ. ಮೋಟರ್ ಬೈಕು ಮುಗ್ಗರಿಸಿದಂತೆ ಓಡಿದರೆ ‘ಇಂಜಿನ್ ಮಿಸ್ ಹೊಡೀತಾ ಅದೆ’. ನೆಂಟರ ಮನೆಗೆ ಹೊರಟ ಮರೆವಿನ ಅಜ್ಜಿ ಸಂಜೆಯಾದರೂ ಬಾರದಿದ್ದರೆ ಅವಳ ಫೋಟೋ ಎಲ್ಲರ ಮೊಬೈಲಿಗೂ ಬರುತ್ತದೆ, ಕೆಳಗೆ ‘ಮಿಸ್ ಆಗಿದ್ದಾರೆ’ ಎಂದು.

ಇವುಗಳಲ್ಲಿ ಯಾವುದರ ಮೇಲೂ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ‘ಜಸ್ಟ್ ಮಿಸ್’ ಎಂಬುದರ ಮೇಲೆ. ಸಾವು ಪಕ್ಕದಲ್ಲೇ ಹಾದುಹೋದಾಗ ಅದನ್ನು ಹೇಳುತ್ತಾರೆ, ನಗುತ್ತಾರೆ, ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ಆಮೇಲೆ ಯಾರು ಏನು ಕೇಳಿದರೂ ಉತ್ತರವಿಲ್ಲ. ನಾನೂ ಹಾಗೆ ನಕ್ಕವಳೇ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ ಬರೆಯಲು ಪ್ರಯತ್ನಿಸುತ್ತೇನೆ.

ನಮ್ಮ ಕಡೆ ಚಳಿಗಾಲ ಬಂತೆಂದರೆ ಹುರುಳಿ ಕೀಳುತ್ತಾರೆ. ಒಣಗಿದ ಗಿಡಗಳನ್ನು ಬೆಳಿಗ್ಗೆಯೇ ತಂದು ಟಾರು ರಸ್ತೆಯ ಮೇಲೆ ಒಂದು ಮೊಣಕಾಲೆತ್ತರ ಹಾಸುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಓಡಿ ಓಡಿ ಕಾಳು ಉದುರುತ್ತದೆ. ಆಗಾಗ ಹೆಂಗಸರು ಕೋಲು ಹಿಡಿದು ಬಂದು ತಿರುವಿ ಹಾಕುತ್ತಾರೆ. ಗಾಡಿಗಳು ತಪ್ಪಿಸಿಕೊಂಡು ಪಕ್ಕದಲ್ಲಿ ಹೋಗಬಾರದೆಂದು ಉಳಿದರ್ಧ ರಸ್ತೆಗೆ ನಾಲ್ಕು ಕಲ್ಲು ಇಡುವುದೂ ಉಂಟು. ಸಂಜೆಗೆ ಹೊಟ್ಟು ಗುಡಿಸಿ ಕಾಳು ತೂರಿ ಚೀಲ ಕಟ್ಟುತ್ತಾರೆ. ನಾನು ಈ ಊರಿಗೆ ಬಂದ ವರ್ಷದಿಂದ ನೋಡುತ್ತಿದ್ದೇನೆ. ಮೊದಮೊದಲು ಚೆಂದವೆನಿಸಿತ್ತು.

ನಮ್ಮ ಶಾಲೆಯ ಬಿಸಿಯೂಟ ಮಾಡುವವಳು ಒಬ್ಬಳೇ. ಐವತ್ತರ ಹತ್ತಿರದ ಹೆಂಗಸು, ನಾನು ‘ಅಕ್ಕ’ ಎನ್ನುತ್ತೇನೆ. ಅವಳ ಮನೆ ರಸ್ತೆಯ ಪಕ್ಕದಲ್ಲೇ. ನಾನು ಹೇಳಹೊರಟ ಆ ದಿನ ರಸ್ತೆಗೆ ಹಾಸಿದ್ದ ಹುರುಳಿ ಅವಳದೇ. ಶಾಲೆಗೆ ಬರುವ ಮೊದಲು ಒಂದು ಸಲ ತಿರುವಿ ಬರೋಣವೆಂದು ಕೋಲು ಹಿಡಿದು ನಿಂತಿದ್ದಳು.

ನಾನು ಹುಣಸೂರಿನಿಂದ ಬರುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿದ್ದೆ. ಎದುರಿನಿಂದ ಒಂದು ಬೈಕು ಬಂತು, ಓಡಿಸುತ್ತಿದ್ದವನು ಹರೆಯದವನು. ಬೈಕು ಹುರುಳಿಯ ಮೇಲೆ ಬಂದ ಕೂಡಲೇ ಅದರ ಹಿಂದಿನ ಚಕ್ರ ಅಡ್ಡಕ್ಕೆ ತಿರುಗಿತು. ಬೈಕು ಮಲಗಿಕೊಂಡೇ ಜಾರುತ್ತ ಬಂತು. ನಮ್ಮ ಡ್ರೈವರ್ ಹಾರನ್ ಒತ್ತಿ ಹಿಡಿದು ಬ್ರೇಕ್ ತುಳಿದ. ಬಸ್ಸು ಸಹ ನಿಲ್ಲದೆ ಒಂದಷ್ಟು ದೂರ ಜಾರಿತು. ಅಕ್ಕ ಬೈಕಿನ ಕಡೆಗೊಮ್ಮೆ ಬಸ್ಸಿನ ಕಡೆಗೊಮ್ಮೆ ನೋಡಿದ್ದನ್ನು ಕಂಡೆ. ಆಮೇಲೆ ಅವಳು ಬಸ್ಸಿನ ಮುಂಗಾಜಿನ ಕೆಳಗೆ ಕಾಣದಾದಳು. ಬಸ್ಸು ನಿಂತಿತು. ಅವಳು ಬಿದ್ದದ್ದನ್ನು ನಾನು ನೋಡಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು.

ಇಳಿದು ಮುಂದಕ್ಕೆ ಓಡಿದೆ. ಬಸ್ಸಿನ ಬಂಪರಿನಿಂದ ನನ್ನ ಎರಡು ಹೆಜ್ಜೆ ದೂರದಲ್ಲಿ ಅವಳು ಹುರುಳಿಯ ಮೇಲೆ ಕೂತಿದ್ದಳು. ಆಗಲೇ ಎದ್ದು ಕೂತಿದ್ದಳು. ಸೆರಗಿನಲ್ಲೆಲ್ಲ ಹೊಟ್ಟು. ಜನ ಸೇರಿದರು.

ಡ್ರೈವರ್ ಹಣೆ ಒರೆಸಿಕೊಂಡು, “ಜಸ್ಟ್ ಮಿಸ್ ಮೇಡಂ, ಜಸ್ಟ್ ಮಿಸ್. ಇವತ್ತು ಯಾರ ಮುಖ ನೋಡ್ಕೊಂಡು ಎದ್ನೋ” ಎಂದ.

ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, “ಬಸ್ ನಿಲ್ಸಾಕೆ ಕೈ ಅಡ್ಡ ಇಟ್ರೆ ಸಾಕು ಕಣಕ್ಕೋ, ನೀನೇ ಅಡ್ಡ ಮನಿಕೋಬೇಕಾ?” ಎಂದು ಕೂಗಿದ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಾನೂ ನಕ್ಕೆ.

ಬೈಕಿನ ಹುಡುಗನ ಮೊಣಕಾಲು ತರಚಿತ್ತು. ಊರಿನವರು ಅವನನ್ನು ಬೈದು, ನೀರು ಕೊಟ್ಟು, ಬೈಕು ಎತ್ತಿ ನಿಲ್ಲಿಸಿ ಕಳಿಸಿದರು. “ಆ ಪಾಟಿ ಸ್ಪೀಡಾಗಿ ಬಂದ್ರೆ ಇನ್ನೇನಾಯ್ತದ್ಲಾ?” ಎಂಬುದು, ಬೈಕು ತಾಗಿಯೇ ಅಕ್ಕ ಬಿದ್ದಳೆಂಬುದು ಅವರ ತೀರ್ಮಾನ. ಅವನು ಎಷ್ಟು ವೇಗದಲ್ಲಿ ಬಂದನೆಂದು ನಾನು ಹೇಳಲಾರೆ. ಆ ರಸ್ತೆಯಲ್ಲಿ ಎಲ್ಲರೂ ಬರುವಷ್ಟೇ ಇರಬೇಕು.

ಅಕ್ಕ ಅರ್ಧ ಗಂಟೆಯಲ್ಲಿ ಶಾಲೆಗೆ ಬಂದು ಒಲೆ ಹಚ್ಚಿದಳು. “ತಲೆ ವಸಿ ದಿಮ್ಮಂತದೆ, ಅಷ್ಟೇ ಮಿಸ್” ಎಂದಳು. ತಲೆಯ ಹಿಂದೆ ಮುಟ್ಟಿ ನೋಡಿದೆ, ಸಣ್ಣ ನಿಂಬೆಯಷ್ಟು ಊದಿತ್ತು. ರಕ್ತವಿರಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದೆ. ಅವಳು ಈರುಳ್ಳಿ ಹೆಚ್ಚುತ್ತಲೇ, “ಬಸ್ಸೇ ತಗಲ್ನಿಲ್ವಲ್ಲ, ಆಸ್ಪತ್ರೇಲಿ ಏನಂತ ಯೋಳ್ಲಿ?” ಎಂದಳು. ನಾನು ಒತ್ತಾಯಿಸಲಿಲ್ಲ.

ಮುಂದಿನ ವಾರ ಬೆಳಗಿನ ಹಾಲು ತಳ ಹಿಡಿಯಿತು. ಅವಳ ಕೈಯಲ್ಲಿ ಎಂದೂ ಆಗದ್ದು. ಮಕ್ಕಳು ಲೋಟ ಹಿಡಿದುಕೊಂಡು ನನ್ನ ಬಳಿ ಬಂದರು. “ಸೀದೋಗದೆ ಮಿಸ್, ಕುಡಿಯಕ್ಕಾಗಕಿಲ್ಲ.” ಮತ್ತೆ ಎರಡು ದಿನಕ್ಕೆ ಒಗ್ಗರಣೆಯ ಬೆಳ್ಳುಳ್ಳಿ ಕರಕಾಯಿತು. ಇನ್ನೊಂದು ದಿನ ಅನ್ನ. ನಾನು ಅಡುಗೆ ಕೋಣೆಗೆ ಹೋದಾಗ ಹೊಗೆಯ ಕಮಟು ಬಾಗಿಲಿಗೇ ಬಡಿಯುತ್ತಿತ್ತು. ಅವಳು ಅದೇ ಒಲೆಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದಳು. ನನ್ನ ಮುಖ ನೋಡಿದ ಮೇಲೆ ತಿರುಗಿ ಪಾತ್ರೆಯನ್ನು ನೋಡಿದಳು. ವಯಸ್ಸಾಯಿತು, ಮನಸ್ಸು ಎಲ್ಲೋ ಇರುತ್ತದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಬೀಗ ತೆಗೆದ ಮೇಲೆ ನಾನು ಕೈತೊಳೆಯಲು ಅಡುಗೆ ಕೋಣೆಯ ಕಡೆ ಹೋದೆ. ಹತ್ತು ಹೆಜ್ಜೆ ದೂರದಿಂದಲೇ ಗ್ಯಾಸಿನ ವಾಸನೆ. ಶನಿವಾರ ಒಲೆಯ ಕಿವಿ ಪೂರ್ತಿ ತಿರುಗಿಸಿರಲಿಲ್ಲ, ಸಿಲಿಂಡರನ್ನೂ ಬಂದ್ ಮಾಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕಿಟಕಿ ಮುಚ್ಚಿತ್ತು. ಅಕ್ಕ ಒಳಗೆ ನಿಂತಿದ್ದಳು. ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಅವಳ ಮಣಿಕಟ್ಟು ಹಿಡಿದು ಹೊರಗೆ ಎಳೆದದ್ದು ನೆನಪಿದೆ. ಸಿಲಿಂಡರ್ ಬಂದ್ ಮಾಡಿ ಕಿಟಕಿ ತೆಗೆದು ಅಂಗಳಕ್ಕೆ ಬಂದೆ. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು, ಇಪ್ಪತ್ತೊಂದು ಜನ.

“ಏನಾಯ್ತು ಮಿಸ್? ಆವು ಕಂಡ್ರಾ?” ಎಂದಳು ಅಕ್ಕ.

“ನಿನಗೆ ವಾಸನೆ ಬರಲಿಲ್ವಾ?”

ಅವಳು ಅಡುಗೆ ಕೋಣೆಯ ಕಡೆ ತಿರುಗಿ ನೋಡಿದಳು. ನಾನು ಒಳಗಿನಿಂದ ಒಂದು ಬೆಳ್ಳುಳ್ಳಿ ಎಸಳು ತಂದು ಜಜ್ಜಿ ಅವಳ ಮೂಗಿನ ಹತ್ತಿರ ಹಿಡಿದೆ. ತಲೆ ಅಲ್ಲಾಡಿಸಿದಳು. ಕರಿಬೇವು ಕಿವುಚಿ ಹಿಡಿದೆ. ಇಲ್ಲ. ಶಾರದಾ ಪೂಜೆಗೆಂದು ತಂದ ಕರ್ಪೂರ ಕಪಾಟಿನಲ್ಲಿತ್ತು. ಅದನ್ನು ಹಿಡಿದಾಗ ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಎಳೆದುಕೊಂಡಳು.

“ತಣ್ಣಗನ್ನಿಸ್ತದೆ ಮಿಸ್. ವಾಸ್ನೆ ಇಲ್ಲ.”

“ಯಾವಾಗಿನಿಂದ?”

“ಅವತ್ತು ಬಿದ್ನಲ್ಲ, ಆವತ್ತಿಂದ. ನೆಗಡಿ ಅನ್ಕಂಡೆ.” ಆಮೇಲೆ ನನ್ನ ಕೈ ಹಿಡಿದುಕೊಂಡಳು. “ಯಾರ್ಗೂ ಯೋಳ್ಬೇಡಿ. ಅಡ್ಗೆ ಮಾಡೋಳ್ಗೆ ಮೂಗಿಲ್ಲ ಅಂದ್ರೆ ಒಂದು ದಿನ ಇಟ್ಕೊಳಕಿಲ್ಲ. ಅನ್ನೊಂದು ವರ್ಸದಿಂದ ಮಾಡ್ತಾ ಇವ್ನಿ. ಇದ್ ಬುಟ್ರೆ ನಂಗೆ ಇನ್ನೊಬ್ರ ಒಲ ಕಳೆ ಕೀಳೋದೇ ಗತಿ.”

ಯಾರಿಗೂ ಹೇಳುವುದಿಲ್ಲ ಎಂದೆ.

ಅವಳನ್ನೂ ಅವಳ ಗಂಡನನ್ನೂ ಕರೆದುಕೊಂಡು ಡಾಕ್ಟರ ಬಳಿಗೆ ಹೋದೆ. ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಡಾಕ್ಟರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಗಂಡ, “ಪೆಟ್ಟೇನಿಲ್ಲ ಸಾ, ಜಸ್ಟ್ ಮಿಸ್ಸು” ಎಂದ. ನಾನು ನಡುವೆ ಬಾಯಿ ಹಾಕಿ ಊದಿದ್ದ ಜಾಗ ತೋರಿಸಿದೆ. ಡಾಕ್ಟರು ನಿಧಾನವಾಗಿ ವಿವರಿಸಿದರು: ತಲೆಯ ಹಿಂಭಾಗ ನೆಲಕ್ಕೆ ಬಡಿದಾಗ ಒಳಗೆ ಆಗುವ ಎಳೆತಕ್ಕೆ ಮೂಗಿನ ಸಣ್ಣ ನರಗಳು ಹರಿದುಹೋಗಬಹುದು. ಕೆಲವರಿಗೆ ತಿಂಗಳುಗಳ ಮೇಲೆ ವಾಸನೆ ಹಿಂದಿರುಗುತ್ತದೆ, ಕೆಲವರಿಗೆ ಇಲ್ಲ. ಗ್ಯಾಸ್ ಒಲೆಯ ಹತ್ತಿರ ಒಬ್ಬಳೇ ಇರಬಾರದು.

ಹೊರಗೆ ಬಂದ ಮೇಲೆ ಗಂಡ, “ಮೂಗು ಮುಖದಾಗೇ ಅದಲ್ಲ ಬುಡಿ ಮಿಸ್ಸೋರೆ, ಎಲ್ಲೂ ಓಗಿಲ್ಲ” ಎಂದು ನಗಿಸಲು ನೋಡಿದ. ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. “ನಿಂಗೇನು, ನೀನ್ ಬೀಡಿ ಸೇದ್ಕೊಂಡ್ ಬಂದ್ರೂ ಇನ್ ಮ್ಯಾಲೆ ಗೊತ್ತಾಗಕಿಲ್ಲ, ನೆಮ್ದಿಯಾಗಿರು.”

ಅಂದಿನಿಂದ ನಾನು ಒಂದು ಬಸ್ಸು ಮುಂಚೆ ಬರತೊಡಗಿದೆ. ಒಲೆ ಹಚ್ಚುವ ಮೊದಲು ನಾನು ಒಳಗೆ ಹೋಗಿ ಮೂಸಿ ಬರಬೇಕು. ಪಾಠದ ನಡುವೆ ಎರಡು ಸಲ ಎದ್ದು ಹೋಗಿ ಅನ್ನ, ಸಾರು ಮೂಸಬೇಕು. ಮಧ್ಯಾಹ್ನ ಸಿಲಿಂಡರ್ ಬಂದ್ ಆಗಿದೆಯೇ ಎಂದು ನಾನೇ ಕೈಯಿಟ್ಟು ನೋಡಬೇಕು. ನಮ್ಮಿಬ್ಬರಿಗೆ ಮಾತ್ರ ತಿಳಿದ ಏರ್ಪಾಡು ಇದು. ಇದು ನಡೆಯುತ್ತದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಅತ್ತ ರಸ್ತೆಯಲ್ಲಿ ಹುರುಳಿ ಮುಗಿದಿರಲಿಲ್ಲ. ಬಸ್ಸು ಅದರ ಮೇಲೆ ಹೋಗುವಾಗಲೆಲ್ಲ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ. ತಡೆಯಲಾಗದೆ ಪಂಚಾಯ್ತಿ ಸದಸ್ಯರೊಬ್ಬರ ಮನೆಗೆ ಹೋದೆ. ಕಾಫಿ ಕೊಟ್ಟು ಕೂರಿಸಿದರು.

“ಯಾರಿಗಾರ ಏನಾರ ಆಗದಾ ಮಿಸ್ಸೋರೆ?” ಎಂದು ಕೇಳಿದರು.

ಆಗಿದೆ ಎನ್ನುವ ಹಾಗಿರಲಿಲ್ಲ. ಮಾತು ಕೊಟ್ಟಿದ್ದೆ. “ಅವತ್ತು ನಮ್ಮ ಅಡುಗೆಯವಳು ಬಿದ್ದಳಲ್ಲ” ಎಂದಷ್ಟೇ ಹೇಳಿದೆ.

“ಅವ್ಳಾ? ನೆನ್ನೆ ತಾನೇ ಚೀಲ ಒತ್ಕೊಂಡು ಓಯ್ತಿದ್ಲು, ಗುಂಡುಕಲ್ಲು ಇದ್ದಂಗವ್ಳೆ. ಜಸ್ಟ್ ಮಿಸ್ಸು ಅಂತ ಬಸ್ಸಿನೋರೇ ಅಂದವ್ರೆ. ಆಗ್ದೇ ಇರೋದ್ಕೆ ನಾನು ಯಾರ್ ಮ್ಯಾಲೆ ಅಂತ ಕೂಗಾಡ್ಲಿ?”

“ಕಣ ಮಾಡಿಕೊಂಡು ಒಕ್ಕಬಹುದಲ್ಲ?”

“ಕಣ ಎಲ್ಲದೆ ಯೋಳಿ? ಊರ ಕಣ ನಿಮ್ ಇಸ್ಕೂಲಿನ ಕಾಂಪೌಂಡ್ ಒಳ್ಗೇ ಅದೆ. ನಮ್ಮಪ್ಪನ ಕಾಲದಾಗೆ ಬರ್ಕೊಟ್ಟವ್ರೆ.”

ಇದು ನನಗೆ ತಿಳಿದಿರಲಿಲ್ಲ. ಹಾಗಾದರೆ ರಜೆಯ ದಿನ ಶಾಲೆಯ ಮೈದಾನದಲ್ಲೇ ಒಕ್ಕಿಕೊಳ್ಳಲಿ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನಕ್ಕರು.

“ನಿಮ್ ಫೀಲ್ಡ್ ಮ್ಯಾಲೆ ಕೋಟೆ ಬಸ್ಸು ಓಡ್ತದಾ ಮಿಸ್ಸೋರೆ?”

ಅವರು ಕೆಟ್ಟವರಲ್ಲ. ಎರಡು ಎತ್ತೂ ಇಲ್ಲದ ಮನೆಗಳು ಆ ಊರಿನಲ್ಲಿ ಎಷ್ಟೋ ಇವೆ, ದುಡಿಯುವ ಕೈಗಳೂ ಕಡಿಮೆ, ರಸ್ತೆ ಪುಕ್ಕಟೆಯಾಗಿ ಕೆಲಸ ಮಾಡಿಕೊಡುತ್ತದೆ. ನನಗೆ ಇದೆಲ್ಲ ಅರ್ಥವಾಗುತ್ತದೆ. ಅರ್ಥವಾಗುವುದರಿಂದ ಸಿಟ್ಟು ಇಳಿಯುವುದಿಲ್ಲ, ಯಾರ ಮೇಲೆ ಇಳಿಸಬೇಕೆಂದೂ ಗೊತ್ತಾಗುವುದಿಲ್ಲ. ನಡೆದದ್ದಕ್ಕೆ ಸಾಕ್ಷಿ ನಾನು. ಏನೂ ನಡೆಯಲಿಲ್ಲ ಎಂದು ಊರೆಲ್ಲ ಹೇಳುವಾಗ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದವಳೂ ನಾನೇ.

ಶಿವರಾತ್ರಿ ಕಳೆದ ಮೇಲೆ ನನಗೆ ಕೋಟೆಯಲ್ಲಿ ಒಂದು ದಿನದ ತರಬೇತಿ ಬಂತು. ಶಾಲೆಗೆ ನಾನೊಬ್ಬಳೇ ಟೀಚರ್, ಆದ್ದರಿಂದ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದೂರಿನ ಶಾಲೆಯ ಮೇಷ್ಟರು ಹತ್ತು ಗಂಟೆಗೆ ಬರುವವರಿದ್ದರು. ಹಿಂದಿನ ದಿನವೇ ಅಕ್ಕನಿಗೆ ಹೇಳಿದ್ದೆ: ಅವರು ಬರುವ ತನಕ ಒಲೆ ಹಚ್ಚಬೇಡ, ಅವರಿಗೆ ಏನಾದರೂ ನೆಪ ಹೇಳಿ ಒಂದು ಸಲ ಒಳಗೆ ಕರೆದುಕೊಂಡು ಹೋಗು. ಬೆಳಿಗ್ಗೆ ಫೋನಿನಲ್ಲೂ ಹೇಳಿದೆ. “ಊಂ ಮಿಸ್” ಎಂದಳು.

ಮೇಷ್ಟರು ಬಂದದ್ದು ಹನ್ನೊಂದಕ್ಕೆ. ಅಕ್ಕ ಹಾಲಿನ ಹೊತ್ತು ಮೀರುತ್ತದೆಂದು ಒಂಬತ್ತೂವರೆಗೇ ಒಲೆ ಹಚ್ಚಿದ್ದಳು. ಏನೂ ಆಗಲಿಲ್ಲ. ಮರುದಿನ ಅವಳೇ ಹೇಳಿದ್ದರಿಂದ ನನಗೆ ತಿಳಿಯಿತು.

“ಒಬ್ಳೇ ಯಾಕೆ ಹಚ್ಚಿದೆ ಅಕ್ಕಾ?”

“ಮಕ್ಳು ಲೋಟ ಇಡ್ಕೊಂಡು ನಿಂತಿದ್ವು. ಏನ್ ಮಾಡ್ಲಿ? ಅದೇನೂ ಆಗ್ನಿಲ್ವಲ್ಲ ಬುಡಿ ಮಿಸ್.”

ನಾನು ಅವಳಿಗೆ ಬೈಯಲು ಬಾಯಿ ತೆರೆದೆ. ಆ ಗ್ಯಾಸಿನ ಸೋಮವಾರದಿಂದ ಇಲ್ಲಿಯ ತನಕ ದಿನವೂ ಸಂಜೆ ಬಸ್ಸು ಹತ್ತಿ ಕೂತಾಗ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದುದೂ ಅದನ್ನೇ: ಇವತ್ತು ಏನೂ ಆಗಲಿಲ್ಲ. ಡ್ರೈವರ್ ಹೇಳಿದ್ದಕ್ಕೂ ಪಂಚಾಯ್ತಿಯವರು ಹೇಳಿದ್ದಕ್ಕೂ ನಾನು ಹೇಳಿಕೊಂಡದ್ದಕ್ಕೂ ಏನು ವ್ಯತ್ಯಾಸ?

ಸಂಜೆ ಅವಳ ಮನೆಗೆ ಹೋದೆ. ಶಾಲಾ ಸಮಿತಿಗೆ ಹೇಳುತ್ತೇನೆ ಎಂದೆ. ಬಾಗಿಲಲ್ಲಿ ನಿಂತು ಕೇಳಿದಳು, ಒಳಗೆ ಕರೆಯಲಿಲ್ಲ.

“ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ. ತಪ್ಪಾಯ್ತು. ಮಕ್ಕಳಿದ್ದಾರೆ ಅಕ್ಕ, ನೀನಿದ್ದೀಯ.”

“ಕೆಲ್ಸ ಓದ್‌ಮ್ಯಾಲೆ ನಾನು ಇದ್ದಂಗಾ?” ಎಂದು ಬಾಗಿಲು ಹಾಕಿಕೊಂಡಳು.

ಸಮಿತಿ ಸೇರಿತು. ನಾನು ಎಲ್ಲವನ್ನೂ ಹೇಳಿದೆ. ಎರಡನೆಯವಳೊಬ್ಬಳನ್ನು ಜೊತೆಗೆ ಹಾಕಿಕೊಂಡು ಅವಳನ್ನು ತರಕಾರಿ ಹೆಚ್ಚಲು, ಬಡಿಸಲು ಉಳಿಸಿಕೊಳ್ಳೋಣ ಎಂದು ಕೇಳಿಕೊಂಡೆ. ಇಪ್ಪತ್ತೊಂದು ಮಕ್ಕಳಿಗೆ ಒಬ್ಬರೇ, ನಿಯಮ ಹಾಗಿದೆ ಎಂದರು. ಅದು ನನಗೂ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಮುಗಿಯಿತು. ಅವಳನ್ನು ಕೆಲಸದಿಂದ ಬಿಡಿಸುವ ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಅಧ್ಯಕ್ಷರು, “ಸ್ವಂತ ಕಾರಣದಿಂದ ಕೆಲ್ಸ ಬುಟ್ಟವ್ರೆ ಅಂತ ಬರೀರಿ, ಯಾರ್ಗೂ ತೊಂದ್ರೆ ಇಲ್ಲ” ಎಂದು ಹೇಳಿ ಎದ್ದರು.

ಮರುದಿನ ಬೆಳಿಗ್ಗೆ ಅಕ್ಕ ಅಡುಗೆ ಕೋಣೆಯ ಬೀಗದ ಕೈ ಕೊಡಲು ಬಂದಳು. ಮೇಜಿನ ಮೇಲಿಟ್ಟಳು. ನನ್ನ ಮುಂದೆ ಬರೆಯದ ಹಾಳೆಯಿತ್ತು. ಹೆಬ್ಬೆಟ್ಟಿನ ಜಾಗ ಎಲ್ಲಿ ಎಂದು ಕೇಳಿದಳು. ಅಧ್ಯಕ್ಷರು ಏನು ಬರೆಯಲು ಹೇಳಿದ್ದಾರೆಂದು ನಾನು ತಿಳಿಸಿದೆ.

“ನಾನಾಗೇ ಬುಟ್ಟೆ ಅಂತ ಬರೀಬೇಡಿ” ಎಂದಳು. “ನಾನ್ ಬುಟ್ಟಿಲ್ಲ. ಏನಾಯ್ತೋ ಅದ್ನ ಬರೀರಿ.”

ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ: ಊರ ಮುಂದಿನ ರಸ್ತೆಯಲ್ಲಿ ಹುರುಳಿ ತಿರುವುತ್ತಿದ್ದಾಗ ಬೈಕು ಬಡಿದು ಕೆಳಗೆ ಬಿದ್ದು, ತಲೆಯ ಹಿಂಭಾಗಕ್ಕೆ ಪೆಟ್ಟಾಗಿ, ವಾಸನೆ ಗ್ರಹಿಸುವ ಶಕ್ತಿ ಹೋಗಿರುವುದರಿಂದ ಇವರನ್ನು ಅಡುಗೆ ಕೆಲಸದಿಂದ ಬಿಡಿಸಲಾಗಿದೆ.

ಅವಳು ಕೈ ಅಡ್ಡ ಹಿಡಿದಳು.

“ಬೈಕು ಬಡೀನಿಲ್ಲ ಮಿಸ್. ಬೈಕು ಅತ್ತಗೇ ಓಯ್ತು. ಬಸ್ಸಿನ ಆರನ್ನಿಗೆ ಬೆಚ್ಚಿ ಇಂದಕ್ಕೆ ಕಾಲಿಟ್ಟೆ. ಕಾಳು ಜಾರ್ತು.”

“ಊರಲ್ಲೆಲ್ಲ ಬೈಕು ಅಂತಲೇ ಹೇಳಿದ್ರಲ್ಲ?”

“ಯೋಳಿದ್ರು. ನಾನೂ ಸುಮ್ಕಿದ್ದೆ. ಆ ಉಡ್ಗುಂದೇನೂ ಇಲ್ಲ. ನಮ್ ಉರ್ಳಿ ಮ್ಯಾಲೆ ನಾನೇ ಜಾರಿದ್ದು.”

ನಾನು ‘ಬೈಕು ಬಡಿದು’ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ‘ಕಾಳಿನ ಮೇಲೆ ಕಾಲು ಜಾರಿ’ ಎಂದು ಮೇಲೆ ಬರೆದೆ. ಇನ್ನೊಂದು ಸಲ ಓದಿ ಎಂದಳು. ಓದಿದೆ. ಇಂಕ್ ಪ್ಯಾಡನ್ನು ತನ್ನ ಕಡೆಗೆ ಎಳೆದುಕೊಂಡು, ಹೆಬ್ಬೆರಳನ್ನು ಒತ್ತಿ, ಹೆಸರಿನ ಕೆಳಗೆ ನೇರವಾಗಿ ಊರಿದಳು.